ಗಿಣ್ಣು ಮನೆಯೊಳಗೆ, ಬೇಧಿ ಹಟ್ಟಿಯೊಳಗೆ

ಆಟಿ ತಿಂಗಳ ಮಳೆ. ಪೆರ್ಲದಿಂದ ಒಳಗೆ ನಮ್ಮ ಮನೆಗೆ ಬರುವ ಮಣ್ಣಿನ ರಸ್ತೆಯಲ್ಲಿ ಜೀಪು ಸಹ ಹತ್ತದ ದಿನಗಳು. ಅಂಥ ಒಂದು ರಾತ್ರಿ ನಮ್ಮ ಜರ್ಸಿ ಮಿಶ್ರತಳಿಯ ದನ ಕರು ಹಾಕಿತು. ಹೆಣ್ಣು ಕರು. ಮನೆಯಲ್ಲಿ ಎಲ್ಲರಿಗೂ ಖುಷಿ. ಬೆಳಿಗ್ಗೆ ಗಿಣ್ಣುಹಾಲು ಕರೆದು, ಆಚೆಮನೆ ಈಚೆಮನೆಗೆ ಒಂದೊಂದು ಲೋಟ ಕಳಿಸಿ, ಉಳಿದದ್ದಕ್ಕೆ ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ತಿಂದೆವು. ಮೂರನೆಯ ದಿನ ನೋಡುವಾಗ ಕರುವಿನ ಬಾಲ, ಹಿಂಗಾಲು ಎಲ್ಲ ಬಿಳಿ ಹಳದಿ ನೀರಿನಲ್ಲಿ ಒದ್ದೆ. ಮಧ್ಯಾಹ್ನಕ್ಕೆ ಕಣ್ಣು ಗುಳಿ ಬಿದ್ದಿತ್ತು. ಸಂಜೆಗೆ ಬಾಯೊಳಗೆ ಬೆರಳಿಟ್ಟರೆ ಚೀಪಲಿಲ್ಲ, ಬಾಯಿ ತಣ್ಣಗೆ. ನಾಲ್ಕನೆಯ ದಿನ ಬೆಳಿಗ್ಗೆ ತೋಟದ ಕೊನೆಯಲ್ಲಿ ಗುಂಡಿ ತೆಗೆದೆವು.

ಅದು ನಡೆದು ಕೆಲವು ವರ್ಷ ಆಯಿತು. ಆದರೆ ಈ ಪುಟ ಓದುವವರಲ್ಲಿ ಹಟ್ಟಿ ಇದ್ದವರಿಗೆಲ್ಲ ಇದು ಹೊಸ ಕಥೆ ಅಲ್ಲ ಅಂತ ನನಗೆ ಗೊತ್ತು. ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ, ಪೈವಳಿಕೆ ಎಲ್ಲಿ ಕೇಳಿದರೂ "ನಮ್ಮಲ್ಲೂ ಒಂದು ಹಾಗೇ ಹೋಯಿತು ಮಾರಾಯ್ರೇ" ಅನ್ನುವವರು ಸಿಕ್ಕುತ್ತಾರೆ. ಹೆಣ್ಣು ಕರು ಹೋದರೆ ಹೋಗುವುದು ಒಂದು ಕರು ಮಾತ್ರ ಅಲ್ಲ. ಮುಂದೆ ಎರಡು ಮೂರು ವರ್ಷಕ್ಕೆ ಕರೆಯಬೇಕಾಗಿದ್ದ ಒಂದು ದನವೇ ಹೋಯಿತು.

ಆ ದಿನ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಪೇಟೆಗೆ ಓಡಿ ಮನುಷ್ಯರ ಬೇಧಿ ನಿಲ್ಲಿಸುವ ಮಾತ್ರೆ ತಂದು ಪುಡಿ ಮಾಡಿ ಕುಡಿಸಿದೆ. ಬೇಧಿ ಕಡಿಮೆಯಾದ ಹಾಗೆ ಕಂಡಿತು. ಸಮಾಧಾನ ಪಟ್ಟುಕೊಂಡೆ. ಮರುದಿನ ಬಂದ ಡಾಕ್ಟರರು, ಕಣ್ಣೂರು ಕಡೆಯ ಚಿಕ್ಕ ಪ್ರಾಯದವರು, ಮೊದಲು ಕೇಳಿದ್ದು ಮಾತ್ರೆಯ ವಿಷಯ ಅಲ್ಲ. "ಕನ್ನಿಪ್ಪಾಲ್ ಕೊಡುತ್ತೋ?" ಅಂತ. ಗಿಣ್ಣುಹಾಲು ಕೊಟ್ಟಿರಾ? ನಾನು ಅಮ್ಮನ ಮುಖ ನೋಡಿದೆ. ಅಮ್ಮ, "ಪೂರಾ ಕುಡುದರೆ ಹೊಟ್ಟೆ ಹಾಳಕ್ಕು ಹೇಳಿ ರಜ ಕೊಟ್ಟದು" ಅಂದರು. ಡಾಕ್ಟರರು ಏನೂ ಬಯ್ಯಲಿಲ್ಲ. ಮೆಟ್ಟಿಲಲ್ಲಿ ಕೂತು ಅರ್ಧ ಗಂಟೆ ವಿವರಿಸಿದರು. ಆಮೇಲೆ ನಾನು ಪುಸ್ತಕ ಹುಡುಕಿ ಓದಿದ್ದು, ಬೇರೆಯವರಲ್ಲಿ ಕೇಳಿದ್ದು ಎಲ್ಲ ಸೇರಿಸಿ ಈ ಲೇಖನ.

ಉಂಬಳದ ಹಾಗೆ ಅಂಟುವುದು

ಕರುಳಿನಲ್ಲಿ ಬ್ಯಾಕ್ಟೀರಿಯ ಇರುವುದೇ ರೋಗ ಅಂತ ತಿಳಿಯಬಾರದು. ದನದ ಹೊಟ್ಟೆಯಲ್ಲಿ ಅವು ಇಲ್ಲದಿದ್ದರೆ ಬೈಹುಲ್ಲು ಕರಗುವುದೇ ಇಲ್ಲ. ಜರ್ಮನಿಯ ಮಕ್ಕಳ ವೈದ್ಯ ಥಿಯೋಡೋರ್ ಎಷೆರಿಕ್ 1885ರಲ್ಲಿ ವಿವರಿಸಿದ ಬ್ಯಾಕ್ಟೀರಿಯ, ಈಗ ಅವರ ಹೆಸರಿನಿಂದಲೇ ಇ. ಕೋಲಿ ಅನ್ನುವುದು, ನಮ್ಮ ನಿಮ್ಮ ಹೊಟ್ಟೆಯಲ್ಲೂ ದನದ ಹೊಟ್ಟೆಯಲ್ಲೂ ಇದೆ. ಹೆಚ್ಚಿನವು ಸಾಧು. ಅವುಗಳ ಪೈಕಿ ಕೆಲವಕ್ಕೆ ಮಾತ್ರ ಎರಡು ಆಯುಧ ಸಿಕ್ಕಿರುತ್ತದೆ. ಒಂದು ಅಂಟಿಕೊಳ್ಳುವ ರೋಮ, ಇನ್ನೊಂದು ವಿಷ.

ರೋಮ ಯಾಕೆ? ಸಣ್ಣ ಕರುಳಿನಲ್ಲಿ ಎಲ್ಲವೂ ಹರಿದು ಹೋಗುತ್ತಾ ಇರುತ್ತದೆ, ಮಳೆಗಾಲದ ತೋಡಿನ ಹಾಗೆ. ಹಿಡಿದುಕೊಳ್ಳದಿದ್ದರೆ ಬ್ಯಾಕ್ಟೀರಿಯವೂ ಕೊಚ್ಚಿ ಹೋಗಬೇಕು. ಆದ್ದರಿಂದ ಕರುವಿಗೆ ರೋಗ ತರುವ ಇ. ಕೋಲಿಗಳು ಮೈಮೇಲಿನ ಸೂಕ್ಷ್ಮ ರೋಮಗಳಿಂದ ಕರುಳಿನ ಗೋಡೆಗೆ ಉಂಬಳದ ಹಾಗೆ ಅಂಟುತ್ತವೆ. ಈ ರೋಮಕ್ಕೆ ಪುಸ್ತಕದಲ್ಲಿ ಕೆ 99 ಅಂತ ಹೆಸರು, ಹೊಸ ಹೆಸರು ಎಫ್ 5. ಹಂದಿಮರಿಗೆ ಅಂಟುವುದಕ್ಕೆ ಬೇರೆ ರೋಮ, ಕೆ 88. ಬೀಗಕ್ಕೆ ತಕ್ಕ ಕೀಲಿ ಇದ್ದ ಹಾಗೆ ಪ್ರಾಣಿಗೆ ತಕ್ಕ ರೋಮ. ಕರುವಿನ ಕರುಳಿನಲ್ಲಿ ಈ ಕೆ 99 ಹಿಡಿಯುವ ಜಾಗ ಹುಟ್ಟಿದ ಮೊದಲ ಕೆಲವು ದಿನ ಮಾತ್ರ ಚೆನ್ನಾಗಿ ಇರುತ್ತದೆ, ಮತ್ತೆ ಕಡಿಮೆಯಾಗುತ್ತದೆ. ಅದಕ್ಕೇ ಈ ಬೇಧಿ ಮೂರು ನಾಲ್ಕು ದಿನದ ಕರುವನ್ನು ಹಿಡಿಯುತ್ತದೆ, ಅದೇ ಹಟ್ಟಿಯಲ್ಲಿ ಅದೇ ಸಗಣಿ ಮೆಟ್ಟಿಕೊಂಡು ನಿಂತ ತಾಯಿಗೆ ಏನೂ ಆಗುವುದಿಲ್ಲ.

ಅಂಟಿದ ಮೇಲೆ ವಿಷ ಬಿಡುತ್ತದೆ. ಈ ವಿಷ ಕರುಳನ್ನು ಕೊರೆಯುವುದಿಲ್ಲ, ಗಾಯ ಮಾಡುವುದಿಲ್ಲ. ಕರುಳಿನ ಕೋಶಕ್ಕೆ ಒಂದು ಸುಳ್ಳು ಸಂದೇಶ ಕೊಡುತ್ತದೆ, ಅಷ್ಟೆ. ಕೋಶ ಉಪ್ಪಿನ ಅಂಶವನ್ನು ಕರುಳಿನೊಳಗೆ ಸುರಿಯಲು ಸುರು ಮಾಡುತ್ತದೆ. ಉಪ್ಪು ಹೋದಲ್ಲಿಗೆ ನೀರು ಹೋಗುತ್ತದೆ. ತೋಟದಲ್ಲಿ ಗೇಟ್ ವಾಲ್ವ್ ತೆರೆದದ್ದು ಮುಚ್ಚಲಿಕ್ಕೆ ಬಾರದೆ ಕೆರೆಯ ನೀರೆಲ್ಲ ಖಾಲಿಯಾದ ಹಾಗೆ ಕರುವಿನ ಮೈಯ ನೀರು ಕರುಳಿನ ದಾರಿಯಲ್ಲಿ ಹೊರಗೆ ಹೋಗುತ್ತದೆ. ಇಪ್ಪತ್ತು ಕಿಲೋದ ಕರುವಿನ ಮೈಯಿಂದ ಒಂದೂವರೆ ಲೀಟರು ಹೋದರೆ ಕಣ್ಣು ಗುಳಿ ಬೀಳುತ್ತದೆ, ಕುತ್ತಿಗೆಯ ಚರ್ಮ ಎಳೆದು ಬಿಟ್ಟರೆ ಕೂಡಲೇ ಕೂರುವುದಿಲ್ಲ. ಎರಡು ಎರಡೂವರೆ ಲೀಟರು ಹೋದರೆ ಪ್ರಾಣಕ್ಕೇ ಬರುತ್ತದೆ. ನೀರಿನ ಒಟ್ಟಿಗೆ ಸೋಡದ ಅಂಶವೂ ಹೋಗಿ ರಕ್ತ ಹುಳಿಯಾಗುತ್ತದೆ. ಕರು ಏಳದೆ ಮಲಗುವುದಕ್ಕೆ ಅದು ದೊಡ್ಡ ಕಾರಣ. ಬ್ಯಾಕ್ಟೀರಿಯ ಕೊಂದದ್ದು ಅಂತ ನಾವು ಹೇಳುತ್ತೇವೆ. ಕೊಂದದ್ದು ನೀರು ಹೋದದ್ದು.

ನನ್ನ ಮಾತ್ರೆ ಮಾಡಿದ್ದು ಏನು ಅಂತ ಈಗ ಅರ್ಥ ಆಗುತ್ತದೆ. ಅದು ಕರುಳಿನ ಚಲನೆ ನಿಲ್ಲಿಸಿತು. ವಾಲ್ವ್ ತೆರೆದೇ ಇತ್ತು. ನೀರು ಹೊರಗೆ ಬರುವ ಬದಲು ಕರುಳಿನೊಳಗೇ ತುಂಬಿತು, ವಿಷವೂ ಒಳಗೇ ಉಳಿಯಿತು.

ಈ ಸಂಗತಿ ಜಗತ್ತಿಗೆ ತಿಳಿದದ್ದು ನಮ್ಮ ದೇಶದಲ್ಲಿ, ಒಬ್ಬ ಬಂಗಾಳಿ ವೈದ್ಯರಿಂದ. ಕೋಲ್ಕತ್ತಾದ ಶಂಭುನಾಥ ದೇ 1953ರಲ್ಲಿ ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಲ್ಲಿ ಕಟ್ಟಿ ಅದರೊಳಗೆ ಕಾಲರಾ ಬ್ಯಾಕ್ಟೀರಿಯ ಚುಚ್ಚಿದರು. ಕಟ್ಟಿದ ತುಂಡು ನೀರು ತುಂಬಿ ಉಬ್ಬಿತು. 1956ರಲ್ಲಿ ಬೇಧಿ ರೋಗಿಗಳಿಂದ ಸಿಕ್ಕಿದ ಕೆಲವು ಇ. ಕೋಲಿಗಳೂ ಅದನ್ನೇ ಮಾಡುತ್ತವೆ ಅಂತ ತೋರಿಸಿದರು. 1959ರಲ್ಲಿ ಬ್ಯಾಕ್ಟೀರಿಯ ಪೂರಾ ಸೋಸಿ ತೆಗೆದು ಬರೇ ದ್ರವ ಚುಚ್ಚಿದರೂ ಕರುಳು ಉಬ್ಬುತ್ತದೆ ಅಂದರು. ಅಂದರೆ ವಿಷವೇ ಕಾರಣ. ದೊಡ್ಡ ಯಂತ್ರ ಏನೂ ಇಲ್ಲ, ಒಂದು ಮೊಲ, ಒಂದು ದಾರ. 1985ರಲ್ಲಿ ತೀರಿಕೊಳ್ಳುವ ತನಕ ಅವರಿಗೆ ಈ ದೇಶದಲ್ಲಿ ಹೇಳುವಂಥ ಮರ್ಯಾದೆ ಏನೂ ಸಿಗಲಿಲ್ಲ ಅನ್ನುವುದು ಬೇರೆ ಮಾತು.

ವಾಲ್ವ್ ತೆರೆದಿದ್ದರೂ ಕರುಳಿನಲ್ಲಿ ಇನ್ನೊಂದು ಬಾಗಿಲು ಕೆಲಸ ಮಾಡುತ್ತಾ ಇರುತ್ತದೆ. ಸಕ್ಕರೆ ಮತ್ತು ಉಪ್ಪು ಒಟ್ಟಿಗೆ ಬಂದರೆ ಆ ಬಾಗಿಲು ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ, ಹಿಂದೆಯೇ ನೀರೂ ಒಳಗೆ ಬರುತ್ತದೆ. ಓಆರ್‌ಎಸ್ ಪ್ಯಾಕೆಟಿನ ಗುಟ್ಟು ಇಷ್ಟೇ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಸೂಜಿಯ ಗ್ಲೂಕೋಸ್ ಮುಗಿದಾಗ ಡ್ರಮ್ಮುಗಳಲ್ಲಿ ಈ ನೀರು ಮಾಡಿ ಕಾಲರಾ ರೋಗಿಗಳಿಗೆ ಕುಡಿಸಿ ಸಾವಿರಾರು ಜನರನ್ನು ಉಳಿಸಿದ್ದು ಹೀಗೆ. ಮನುಷ್ಯನಿಗೆ ಆಗುವುದು ಕರುವಿಗೂ ಆಗುತ್ತದೆ.

ನಮ್ಮ ಎರಡನೆಯ ಕರು ಉಳಿದದ್ದು ಅದರಿಂದಲೇ. ಅದಕ್ಕೂ ಬೇಧಿ ಬಂತು. ಈ ಸಲ ಬೆಳಿಗ್ಗೆ ಬಾಲ ಒದ್ದೆ ಕಂಡ ಕೂಡಲೇ ಒಂದು ಲೀಟರು ಕುದಿಸಿ ಉಗುರು ಬೆಚ್ಚಗೆ ಆರಿಸಿದ ನೀರಿಗೆ ಒಂದು ಪ್ಯಾಕೆಟ್ ಹಾಕಿ ಅರ್ಧರ್ಧ ಲೀಟರಿನಂತೆ ದಿನಕ್ಕೆ ನಾಲ್ಕೈದು ಸಲ ಬಾಟ್ಲಿಯಲ್ಲಿ ಕೊಟ್ಟೆವು. ಹಾಲು ನಿಲ್ಲಿಸಲಿಲ್ಲ, ನಡುನಡುವೆ ಸ್ವಲ್ಪ ಸ್ವಲ್ಪ ಕುಡಿಸಿದೆವು. ಮನುಷ್ಯರ ಪ್ಯಾಕೆಟ್ ಕರುವಿಗೆ ಪೂರ್ತಿ ಸರಿ ಅಲ್ಲ, ಕರುವಿಗೆಂದೇ ಬರುವ ಪುಡಿಯಲ್ಲಿ ಹುಳಿ ಮುರಿಯುವ ಅಂಶ ಹೆಚ್ಚು ಇರುತ್ತದೆ. ಆದರೆ ರಾತ್ರಿ ಹತ್ತು ಗಂಟೆಗೆ ಮಳೆಯಲ್ಲಿ ಅದನ್ನು ಹುಡುಕಿಕೊಂಡು ಎಲ್ಲಿಗೆ ಹೋಗುವುದು? ಕೈಗೆ ಸಿಕ್ಕಿದ್ದು ಕೊಡುವುದು. ಚೀಪುವ ಶಕ್ತಿ ಇಲ್ಲದ ಕರುವಿಗೆ ಮಾತ್ರ ಗೊಟ್ಟದಲ್ಲಿ ಹೊಯ್ಯಲೇಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ. ಆಗ ಡಾಕ್ಟರರು ಬಂದು ರಕ್ತನಾಳಕ್ಕೇ ಬಾಟ್ಲಿ ಏರಿಸಬೇಕು.

ಇನ್ನು ಗಿಣ್ಣಿನ ಲೆಕ್ಕ. ಮನುಷ್ಯರ ಮಗು ಹುಟ್ಟುವಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ಅಂಶ ತೆಗೆದುಕೊಂಡು ಬರುತ್ತದೆ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ದನದ ಕಸ ಅದನ್ನು ದಾಟಿಸಿ ಕೊಡುವುದಿಲ್ಲ. ಎಲ್ಲವೂ ಗಿಣ್ಣಿನಲ್ಲೇ ಬರಬೇಕು. ಅದೂ ಬೇಕಾದಾಗ ಅಲ್ಲ. ಕರುಳು ಆ ಅಂಶವನ್ನು ಇಡಿಯಾಗಿ ರಕ್ತಕ್ಕೆ ಬಿಡುವುದು ಹುಟ್ಟಿದ ಮೊದಲ 24 ಗಂಟೆ ಮಾತ್ರ, ಅದರಲ್ಲೂ ಮೊದಲ ಆರು ಗಂಟೆಯಲ್ಲಿ ಹೆಚ್ಚು. ಮತ್ತೆ ಬಾಗಿಲು ಹಾಕಿತು. ಕರುವಿನ ತೂಕದ ಹತ್ತನೆಯ ಒಂದು ಪಾಲು ಗಿಣ್ಣು ಮೊದಲ ಅರ್ಧ ದಿನದೊಳಗೆ ಹೊಟ್ಟೆಗೆ ಹೋಗಬೇಕು. ಇಪ್ಪತ್ತು ಕಿಲೋದ ಕರುವಿಗೆ ಎರಡು ಲೀಟರು. ನಾವು ಕೊಟ್ಟದ್ದು ಒಂದು ಲೋಟವೂ ಇರಲಿಕ್ಕಿಲ್ಲ. ಕಸ ಬೀಳುವ ಮೊದಲು ಗಿಣ್ಣು ಕುಡಿಸಬಾರದು ಅಂತ ಕಾಯುವವರೂ ಇದ್ದಾರೆ. ಕಾದಷ್ಟು ಹೊತ್ತು ಕರುವಿನ ನಷ್ಟ.

ಬೇಳದಲ್ಲಿ ಸರಕಾರದ ಕಾಸರಗೋಡು ಗಿಡ್ಡ ತಳಿಯ ಫಾರ್ಮ್ ಇದೆಯಲ್ಲ, ಆ ಗಿಡ್ಡ ದನಗಳ ಕರುಗಳಿಗೆ ಬೇಧಿಯೇ ಬರುವುದಿಲ್ಲ ಅಂತ ನಮ್ಮಲ್ಲಿ ಒಂದು ಮಾತು ಉಂಟು. ತಳಿಯ ಗುಣ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಕಾಣುವುದು ಇನ್ನೊಂದು. ಗಿಡ್ಡ ದನದ ಗಿಣ್ಣಿಗೆ ಯಾರೂ ಪಾತ್ರೆ ಹಿಡಿದು ಓಡುವುದಿಲ್ಲ. ಗುಡ್ಡೆಯಲ್ಲೋ ಹಟ್ಟಿಯ ಹೊರಗೋ ಕರು ಹಾಕಿ, ಕರುವೇ ಎದ್ದು ಪೂರಾ ಕುಡಿಯುತ್ತದೆ. ನಮ್ಮ ಜರ್ಸಿ ಕರು ಹಾಕುವುದು ಸೊಪ್ಪಿನ ಹಟ್ಟಿಯಲ್ಲಿ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು ಅಂತ ಸೊಪ್ಪಿನ ಮೇಲೆ ಸೊಪ್ಪು ಹಾಕಿ, ಸಗಣಿ ಮೂತ್ರ ಎಲ್ಲ ಅದರಲ್ಲೇ ಕೊಳೆತು, ಮಳೆಗಾಲದಲ್ಲಿ ಕಾಲಿಟ್ಟರೆ ಪಚಕ್ ಅನ್ನುವ ಜಾಗ. ಗೊಬ್ಬರಕ್ಕೆ ಅದು ಚಿನ್ನ, ಒಪ್ಪಿದೆ. ಹೊಕ್ಕುಳ ಬಳ್ಳಿ ಒಣಗದ ಕರುವಿಗೆ ಅದು ಜಾಗವೇ ಅಲ್ಲ. ನಾನೀಗ ಹಟ್ಟಿಯ ಮೂಲೆಯಲ್ಲಿ ಎತ್ತರದ ಜಾಗಕ್ಕೆ ಸುಣ್ಣ ಎರಚಿ, ಒಣಗಿದ ಮೇಲೆ ಬೈಹುಲ್ಲು ಹಾಸಿ, ದಿನ ತುಂಬಿದ ದನವನ್ನು ಅಲ್ಲಿ ಕಟ್ಟುತ್ತೇನೆ. ಕರೆಯುವ ಮೊದಲು ಕೆಚ್ಚಲು ತೊಳೆಯುವುದು ನಮ್ಮ ಹಾಲಿಗೆ ಬೇಕಾಗಿ ಮಾತ್ರ ಅಲ್ಲ. ಕರು ಮೊದಲು ನೆಕ್ಕುವುದು ಸಗಣಿ ಮೆತ್ತಿದ ಮೊಲೆಯನ್ನು.

ಎಲ್ಲ ಬೇಧಿಯೂ ಇ. ಕೋಲಿ ಅಲ್ಲ. ಒಂದು ವಾರ ಕಳೆದ ಕರುವಿಗೆ ಬಂದರೆ ರೋಟ ವೈರಸ್ಸೋ ಕ್ರಿಪ್ಟೋ ಎಂಬ ಪರೋಪಜೀವಿಯೋ ಆಗಿರುವುದೇ ಹೆಚ್ಚು, ಅವಕ್ಕೆ ಆಂಟಿಬಯಾಟಿಕ್ ಕೊಟ್ಟು ಉಪಯೋಗ ಇಲ್ಲ. ಎರಡು ವಾರ ಕಳೆದ ಕರುವಿಗೆ ಜ್ವರ, ಬೇಧಿಯಲ್ಲಿ ರಕ್ತ, ಕೆಟ್ಟ ನಾತ, ಚರ್ಮದ ಚೂರಿನಂತೆ ಏನೋ ಬರುವುದು ಕಂಡರೆ ಸಾಲ್ಮೊನೆಲ್ಲ ಇರಬಹುದು ಅಂತ ಅನುಮಾನ ಪಡಬೇಕು.

ಮನೆಯೊಳಗೆ ಹೊಕ್ಕ ಕಳ್ಳ

ಸಾಲ್ಮೊನೆಲ್ಲಕ್ಕೆ ಹೆಸರು ಬಂದದ್ದು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರಿಂದ. 1885ರಲ್ಲಿ ಹಂದಿಗಳಲ್ಲಿ ಅದನ್ನು ಕಂಡದ್ದು ಅವರ ಕೈಕೆಳಗಿನ ಥಿಯೋಬಾಲ್ಡ್ ಸ್ಮಿತ್. ಕೆಲಸ ಆಳಿನದು, ಹೆಸರು ಯಜಮಾನನದು, ಅಲ್ಲೂ ಹಾಗೇ.

ಇದರ ರೀತಿ ಬೇರೆ. ಇ. ಕೋಲಿ ಜಗಲಿಯಲ್ಲಿ ಕೂತು ಉಪದ್ರ ಕೊಡುವವ, ಇದು ಒಳಗೆ ನುಗ್ಗುವವ. ಕರುಳಿನ ಗೋಡೆಗೆ ತಾಗಿದ ಕೂಡಲೇ ಸೂಜಿಯಂಥ ಒಂದು ಅಂಗದಿಂದ ಕೋಶದೊಳಗೆ ತನ್ನ ಪ್ರೋಟೀನು ಚುಚ್ಚುತ್ತದೆ. ಕೋಶ ಮರುಳಾಗಿ ತಾನೇ ಅದನ್ನು ನುಂಗುತ್ತದೆ. ರಕ್ಷಣೆಗೆ ಬಂದ ಬಿಳಿ ರಕ್ತಕಣ ನುಂಗಿದರೆ ಅದರೊಳಗೂ ಬದುಕಿ, ಅದನ್ನೇ ಗಾಡಿ ಮಾಡಿಕೊಂಡು ರಕ್ತಕ್ಕೆ, ಪಿತ್ತಜನಕಾಂಗಕ್ಕೆ, ಗಂಟುಗಳಿಗೆ ಹೋಗುತ್ತದೆ. ಇಲ್ಲಿ ಕರುಳಿಗೆ ಗಾಯ ಇದೆ, ಜ್ವರ ಇದೆ. ಓಆರ್‌ಎಸ್ ಒಂದರಲ್ಲೇ ಮುಗಿಯುವುದಿಲ್ಲ.

ವ್ಯಾಪಾರದವರು ಗಮನಿಸಬೇಕಾದ ಸಂಗತಿ ಇದರ ಮುಂದಿನದು. ಗುಣವಾದ ಕೆಲವು ದನ ಪಿತ್ತಕೋಶದಲ್ಲಿ ಇದನ್ನು ಇಟ್ಟುಕೊಂಡೇ ಇರುತ್ತವೆ. ನೋಡಲಿಕ್ಕೆ ಆರೋಗ್ಯ, ಹಾಲೂ ಕೊಡುತ್ತದೆ. ಲಾರಿಯಲ್ಲಿ ರಾತ್ರಿ ಇಡೀ ನಿಂತು, ನೀರು ಹುಲ್ಲು ಇಲ್ಲದೆ, ಹೊಸ ಹಟ್ಟಿಗೆ ಬಂದು ಕರು ಹಾಕುವ ಹೊತ್ತಿಗೆ ಸಗಣಿಯಲ್ಲಿ ಬ್ಯಾಕ್ಟೀರಿಯ ಬರಲು ಸುರುವಾಗುತ್ತದೆ. ಘಟ್ಟದ ಮೇಲಿನಿಂದಲೋ ತಮಿಳುನಾಡಿನಿಂದಲೋ ತಂದ ದನವನ್ನು ಎರಡು ಮೂರು ವಾರ ಬೇರೆ ಕಟ್ಟಿ ಅಂದರೆ ನಮ್ಮವರು ನಗುತ್ತಾರೆ. ಜಾಗ ಎಲ್ಲಿ ಉಂಟು ಅನ್ನುತ್ತಾರೆ. ಕರುಗಳ ಪಕ್ಕದಲ್ಲಿ ಕಟ್ಟದಿದ್ದರೆ ಅಷ್ಟಾದರೂ ಸಾಕು.

ಆಡಿನ ವಿಷಯದಲ್ಲಿ ನಮ್ಮ ಕಾಕನ ಅನುಭವ ಹೇಳಬೇಕು. ಕುಂಬಳೆ ಕಡೆ ಆಡು ವ್ಯಾಪಾರ ಮಾಡುವವರು, ನನ್ನ ತಂದೆಯ ಕಾಲದಿಂದ ಪರಿಚಯ. ಒಂದು ವರ್ಷ ಮಳೆ ಹಿಡಿಯುವ ಹೊತ್ತಿಗೆ ಉದುರಿದ ಹಲಸಿನ ಹಣ್ಣು ತೊಳೆ ಸಮೇತ ಬುಟ್ಟಿಗಟ್ಟಲೆ ಹಾಕಿದರಂತೆ. "ಭಟ್ರೇ, ಸಂಜೆ ತಿಂದು ಜಿಗಿಯುತ್ತಾ ಇದ್ದ ಮೂರು ಆಡು ಬೆಳಿಗ್ಗೆ ಕಾಲು ಸೆಟೆದು ಬಿದ್ದಿತ್ತು. ಅದೂ ಒಳ್ಳೇ ಮೂರು! ಬಡಕಲಿಗೆ ಏನೂ ಆಗಲಿಲ್ಲ" ಅಂದರು. ಯಾರೋ ವಿಷ ಹಾಕಿದ್ದಾರೆ ಅಂತ ಅವರಿಗೆ ಸಂಶಯ, ನೆರೆಯವರ ಹತ್ತಿರ ಮಾತೂ ಆಯಿತು.

ಬಲವಾದದ್ದೇ ಸಾಯುವುದು ಈ ರೋಗದ ಗುರುತು. ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯ ಆಡಿನ ಕರುಳಿನಲ್ಲಿ ಯಾವಾಗಲೂ ಸ್ವಲ್ಪ ಇರುತ್ತದೆ, ಉಪದ್ರ ಇಲ್ಲ. ಒಮ್ಮೆಲೇ ಸಿಹಿ, ಧಾನ್ಯ ಅಥವಾ ಹೊಸ ಮಳೆಯ ಎಳೆ ಹುಲ್ಲು ಹೊಟ್ಟೆ ತುಂಬಾ ಹೋದರೆ, ಜೀರ್ಣ ಆಗದ ಪಿಷ್ಟ ಸಕ್ಕರೆ ಸಣ್ಣ ಕರುಳಿಗೆ ಇಳಿಯುತ್ತದೆ. ಅವಕ್ಕೆ ಅದು ಸದ್ಯ ಊಟ. ಗಂಟೆಗಳೊಳಗೆ ಲೆಕ್ಕ ಇಲ್ಲದಷ್ಟು ಬೆಳೆದು ವಿಷ ಬಿಡುತ್ತವೆ, ವಿಷ ರಕ್ತಕ್ಕೆ ಸೇರಿ ಮೆದುಳಿಗೆ ಹೋಗುತ್ತದೆ. ಗುದ್ದಾಡಿ ಹೆಚ್ಚು ತಿನ್ನುವುದು ದಷ್ಟಪುಷ್ಟ ಆಡು, ಆದ್ದರಿಂದ ಮೊದಲು ಹೋಗುವುದೂ ಅದೇ. ಹಲಸು ಹೆಚ್ಚು ತಿಂದರೆ ಹೊಟ್ಟೆ ಹುಳಿಯಾಗಿಯೂ ಸಾಯಬಹುದು, ಯಾವುದು ಅಂತ ಹೇಳಲು ಕೊಯ್ದು ನೋಡಬೇಕು. ಕಾಕ ಕೊಯ್ಯಿಸಿ ನೋಡಲಿಲ್ಲ. ಈ ಕರುಳು ವಿಷದ ರೋಗಕ್ಕೆ ಲಸಿಕೆ ಇದೆ, ಇ.ಟಿ. ಲಸಿಕೆ ಅಂತ ಕೇಳಿದರೆ ಸಾಕು. ಮೊದಲ ವರ್ಷ ಕೆಲವು ವಾರದ ಅಂತರದಲ್ಲಿ ಎರಡು ಸಲ, ಮತ್ತೆ ವರ್ಷಕ್ಕೊಮ್ಮೆ, ಮಳೆಗಿಂತ ಮೊದಲು. ಒಂದು ಆಡಿನ ಬೆಲೆಯ ಮುಂದೆ ಅದರ ಖರ್ಚು ಏನೂ ಅಲ್ಲ. ಕಾಕ ಈಗ ಎಡವದೆ ಹಾಕಿಸುತ್ತಾರೆ. ನೆರೆಯವರ ಹತ್ತಿರ ಮಾತು ಸರಿಯಾಗಲು ಮಾತ್ರ ಎರಡು ವರ್ಷ ಹಿಡಿಯಿತು.

ಕೋಳಿಯವರಿಗೆ ಒಂದು ಮಾತು. ಮರಿಗಳು ಮುದುಡಿ ಕೂತು, ಹಿಂಭಾಗಕ್ಕೆ ಸುಣ್ಣದ ಹಾಗೆ ಬಿಳಿ ಮೆತ್ತಿ ಸಾಯುವ ಬಿಳಿ ಬೇಧಿಯೂ ಒಂದು ಜಾತಿಯ ಸಾಲ್ಮೊನೆಲ್ಲವೇ. ಅದು ಹೇಂಟೆಯ ಅಂಡಾಶಯದಲ್ಲಿ ಕೂತು ಮೊಟ್ಟೆಯೊಳಗಿಂದಲೇ ಮರಿಗೆ ಬರುತ್ತದೆ. ಗೂಡು ಎಷ್ಟು ತೊಳೆದರೂ ಹೋಗದು, ಮರಿ ತರುವ ಜಾಗ ನೋಡಿ ತರಬೇಕು. ಹಿಂದೆ ಬ್ರಾಯ್ಲರ್ ಫಾರ್ಮುಗಳಲ್ಲಿ ಕೊಲಿಸ್ಟಿನ್ ಎಂಬ ಔಷಧಿಯನ್ನು ರೋಗ ಇಲ್ಲದಿದ್ದರೂ ಆಹಾರಕ್ಕೆ ಬೆರೆಸುತ್ತಿದ್ದರು. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ಹಿಡಿಯದಾಗ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವ ಔಷಧಿ ಅದು. ಅದಕ್ಕೆ ಬಗ್ಗದ ಗುಣ ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟುತ್ತದೆ ಅಂತ ಚೀನಾದ ಹಂದಿಗಳಲ್ಲಿ ಕಂಡು 2015ರಲ್ಲಿ ಪ್ರಕಟವಾಯಿತು. 2019ರ ಜುಲೈಯಲ್ಲಿ ಕೇಂದ್ರ ಸರಕಾರ ಸಾಕು ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಹಳೇ ಡಬ್ಬಿ ಶೆಡ್ಡಿನ ಮೂಲೆಯಲ್ಲಿ ಇದ್ದರೆ ಉಪಯೋಗಿಸಬೇಡಿ.

ಹಟ್ಟಿಯ ಮಾತು ಹಟ್ಟಿಯಲ್ಲೇ ನಿಲ್ಲುವುದಿಲ್ಲ. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಹಲವರು ಆಸ್ಪತ್ರೆ ಸೇರಿದ್ದು, ಹದಿನಾರು ವರ್ಷದ ಒಬ್ಬಳು ವಿದ್ಯಾರ್ಥಿನಿ ತೀರಿಕೊಂಡದ್ದು ಯಾರೂ ಮರೆತಿರಲಿಕ್ಕಿಲ್ಲ. ರೋಗಿಗಳಲ್ಲಿ ಕಂಡದ್ದು ಶಿಗೆಲ್ಲ. ಅದು ಮನುಷ್ಯರ ಕರುಳಿನ ಬ್ಯಾಕ್ಟೀರಿಯ, ತೊಳೆಯದ ಕೈಯಿಂದ, ಕೆಟ್ಟ ನೀರಿನಿಂದ ಬರುವುದು. ಆಹಾರದ ಮಾದರಿಯಲ್ಲಿ ಸಾಲ್ಮೊನೆಲ್ಲವೂ ಸಿಕ್ಕಿತ್ತು, ಅದು ಹೆಚ್ಚಾಗಿ ಕೋಳಿ, ಮೊಟ್ಟೆ, ದನಗಳ ಕರುಳಿನಿಂದ ಬರುವುದು. ಎರಡು ದಾರಿ, ಒಂದೇ ತಟ್ಟೆ. ಬೇಧಿ ಹಿಡಿದ ಕರುವಿನ ಬಾಲ ತೊಳೆದ ಕೈಯಲ್ಲಿ ಮಕ್ಕಳಿಗೆ ಅನ್ನ ಬಡಿಸುವ ಮೊದಲು ಸಾಬೂನು ಹಾಕಿ ಅಂತ ನಾನು ಮನೆಯಲ್ಲಿ ಹೇಳಿದರೆ, ಮೊದಲು ನೀವು ಹಾಕಿ ಅನ್ನುತ್ತಾರೆ. ಅದೂ ನಿಜವೇ.

ಈ ವರ್ಷ ದನ ಮತ್ತೆ ಕರು ಹಾಕಿತು, ಹಗಲಿನಲ್ಲಿ, ಸುಣ್ಣ ಹಾಕಿದ ಮೂಲೆಯಲ್ಲಿ. ಅಮ್ಮ ಮೊದಲ ದಿನ ಪಾತ್ರೆ ಹಿಡಿದುಕೊಂಡು ಬರಲೇ ಇಲ್ಲ. ಎರಡನೆಯ ದಿನ ಸಂಜೆ, ಕರು ಕುಡಿದು ಮಲಗಿದ ಮೇಲೆ, "ಇನ್ನು ರಜ ತೆಗವಲಕ್ಕನ್ನೆ?" ಅಂತ ಕೇಳಿದರು. ಆ ದಿನದ ಗಿಣ್ಣು ಸ್ವಲ್ಪ ತೆಳ್ಳಗೆ ಇತ್ತು, ಗಟ್ಟಿ ಕೂರಲಿಲ್ಲ. ತಿಂದೆವು.

ಪಶುರೋಗದ ಕರಪತ್ರಗಳು ನಮ್ಮ ಕಡೆಗೆ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ನಮ್ಮ ಮಕ್ಕಳು ಓದುತ್ತಾರೆ, ಹಟ್ಟಿ ನೋಡುವ ಅಜ್ಜಿಯಂದಿರಿಗೆ ಓದಲು ಬರುವುದಿಲ್ಲ. ಅದಕ್ಕೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಹಾಲಿನ ಸೊಸೈಟಿಯ ಗೋಡೆಗೆ ಅಂಟಿಸಿದೆ: ಆರು ಗಂಟೆಯೊಳಗೆ ಗಿಣ್ಣು, ಒಣ ಜಾಗ, ಬೇಧಿ ಕಂಡ ಕೂಡಲೇ ಉಪ್ಪು ಸಕ್ಕರೆ ನೀರು, ಮಲಗಿದ ಕರುವಿಗೆ ಡಾಕ್ಟರು. ಮೊನ್ನೆ ಹಾಲು ಕೊಡಲು ಹೋದಾಗ ನೋಡಿದರೆ ಅದರ ಕೆಳಗೆ ಯಾರೋ ಮಲಯಾಳದಲ್ಲಿ ಪೆನ್ಸಿಲಿನಿಂದ ಸೇರಿಸಿದ್ದಾರೆ, ಓಆರ್‌ಎಸ್ ಪ್ಯಾಕೆಟ್ ಇಲ್ಲೇ ಸೊಸೈಟಿಯಲ್ಲಿ ಕೇಳಿ ಅಂತ.